ಹದಿನಾಲ್ಕನೇ ಗೂಡಿನ ಮುಂದೆ

ಹೆಸರು ಕೇಳಿ ಮೋಸಹೋಗಬೇಡಿ, ಲಿಯೊಂಟೀನ್.
ಪುಡಿಂಗ್ ಅಂತ ಇಟ್ಟವಳು ನಾನೇ.
ಬಂದವರು ಮುಖಕ್ಕಿಂತ ಮೊದಲು ಚೀಟಿ ಓದುತ್ತಾರೆ,
ಓದಿ ಕೊಂಚ ನಗಲಿ, ನಕ್ಕವರು ನಿಲ್ಲಲಿ ಅಂತ.
ಇಲ್ಲಿಗೆ ಬಂದಾಗ ಇವಳಿಗಿದ್ದ ಹೆಸರನ್ನು
ನಿಮ್ಮ ಎದುರು ಹೇಳಲಾರೆ.

ಟೊಲೀಡೊದಲ್ಲಿ ಇದು ಫೆಬ್ರವರಿ. ಸರೋವರದ ಗಾಳಿ
ತಗಡಿನ ಸಂದಿಯಲ್ಲಿ ಸೀಟಿ ಹಾಕುತ್ತಿದೆ.
ನನ್ನ ಕೈಲಿ ನೀರಿನ ಪೈಪು, ಕಾಲಲ್ಲಿ ರಬ್ಬರ್ ಬೂಟು.
ನಿಮ್ಮ ಕೈಲಿ ಶಾಲಾ ಬಸ್ಸಿನ ಕೀಲಿ,
ಕಣ್ಣಲ್ಲಿ ಆಗಲೇ ಕರೆದುಕೊಂಡು ಹೊರಟುಬಿಟ್ಟ ಅವಸರ.
ಸ್ವಲ್ಪ ತಾಳಿ.

ಬಾಡಿಗೆ ಕರಾರು ಓದಿದ್ದೀರಾ? ಏಳನೇ ಪುಟ,
ಸಣ್ಣಕ್ಷರ, ಕಾರು ನಿಲ್ಲಿಸುವ ಮಾತಾದ ಮೇಲೆ:
ಇಂಥಿಂಥ ತಳಿ ಬೇಡ, ಇಷ್ಟು ತೂಕ ಮೀರುವಂತಿಲ್ಲ.
ತಳಿ ಅಂದರೇನೆಂದು ಕೇಳಬೇಡಿ, ನನಗೂ ಗೊತ್ತಿಲ್ಲ.
ಅಗಲ ಹಣೆ, ಗಿಡ್ಡ ಕೂದಲು, ದಪ್ಪ ದವಡೆ ಕಂಡರೆ
ಎಲ್ಲರೂ ಬರೆಯುವುದು ಅದೊಂದೇ ಪದ.
ಇವಳ ಅಜ್ಜಿ ಯಾರೋ, ಅಜ್ಜ ಯಾರ ಬೇಲಿ ಹಾರಿದನೋ.
ವಿಮೆಯವನು ವಂಶಾವಳಿ ಕೇಳುವುದಿಲ್ಲ,
ಫೋಟೊ ನೋಡಿ ಫೋನಿಡುತ್ತಾನೆ.

ಬಲ ಭುಜದ ಬಗ್ಗೆ ಹೇಳಿದಿರಲ್ಲ,
ಇಪ್ಪತ್ತು ವರ್ಷ ಬಸ್ಸಿನ ಬಾಗಿಲು ಎಳೆದೆಳೆದು ಸವೆದ ಕೀಲು.
ಇವಳು ಮೂವತ್ತು ಕೇಜಿ. ಅಳಿಲು ಕಂಡ ಗಳಿಗೆ ಅರವತ್ತು.
ಜನರ ಅಂತೆಕಂತೆ ಬಿಡಿ, ದವಡೆಗೆ ಬೀಗವೇನೂ ಇಲ್ಲ.
ಆದರೆ ಇವಳು ತಪ್ಪಿದರೆ
ಮಡಿಲ ನಾಯಿಯ ತಪ್ಪಿನಷ್ಟು ಪುಟ್ಟದಾಗಿರುವುದಿಲ್ಲ ಅದು.
ಪ್ರೀತಿಯಿಂದಲೇ ಹೇಳುತ್ತಿದ್ದೇನೆ.
ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುವರು;
ಇವಳು ಬೊಗಳಿದ್ದನ್ನು ನಾನಿನ್ನೂ ಕೇಳಿಲ್ಲ.

ಬೆಕ್ಕಿದೆಯಾ? ಪಕ್ಕದ ಮನೆಯ ಮಗು
ಬೇಲಿಯ ಕಂಡಿಯಲ್ಲಿ ಕೈ ತೂರಿಸುತ್ತದಾ?
ನೀವು ಬೆಳಗಿನ ಐದಕ್ಕೆ ಹೊರಟರೆ
ಆ ಕತ್ತಲಲ್ಲಿ ಇವಳ ಜೊತೆ ಯಾರು?

ಮೂರು ಸಲ ಹೋಗಿ ಮೂರು ಸಲ ಬಂದವಳು.
ಒಮ್ಮೆ ಕೂಸು ಹುಟ್ಟಿತು ಅಂತ. ಒಮ್ಮೆ ಮನೆ ಮಾಲಿಕ ಅಂತ.
ಮೂರನೆಯವರು ಕಾರಣ ಹೇಳಲಿಲ್ಲ,
ಗೇಟಿಗೆ ಕಟ್ಟಿ ಹೋಗಿದ್ದರು, ಹಿಮದ ಮೇಲೆ
ಅವಳ ಹಾಸಿಗೆಯನ್ನೂ ಮಡಿಸಿಟ್ಟು.
ಆ ಮಡಿಕೆಯ ಅಚ್ಚುಕಟ್ಟನ್ನು ನಾನಿನ್ನೂ ಕ್ಷಮಿಸಿಲ್ಲ.

ಇಷ್ಟೆಲ್ಲ ಕೇಳಲು ನಾನು ಯಾರು?
ಹತ್ತೊಂಬತ್ತರಲ್ಲಿ ನಾನೂ ಒಬ್ಬನನ್ನು ಹೀಗೆಯೇ ಕರೆದೊಯ್ದೆ.
ನೋಟಿಸು ಬಂತು. ಮೂರು ರಾತ್ರಿ ಕಾರಿನಲ್ಲಿ ಮಲಗಿದೆವು.
ನಾಲ್ಕನೆಯ ದಿನ ನಾನು ಮನೆಗೆ ಹೋದೆ.
ಅವನು ಹೋಗಲಿಲ್ಲ.

ಲಿಯೊಂಟೀನ್ ಏನೂ ಅನ್ನಲಿಲ್ಲ.
ಒದ್ದೆ ನೆಲದ ಮೇಲೆ ಕೂತಳು, ಕೋಟಿನ ಸಮೇತ,
ಬೆನ್ನನ್ನು ಜಾಲರಿಗೆ ಒರಗಿಸಿ.
ಪುಡಿಂಗ್ ಎದ್ದು ಬಂದು ಆ ಕಡೆಯಿಂದ
ತನ್ನ ಬೆನ್ನು ಒರಗಿಸಿದಳು.
ಇಬ್ಬರೂ ನನ್ನನ್ನು ನೋಡಲಿಲ್ಲ.
"ಇವತ್ತು ಆಗಲ್ಲ" ಅಂದಳು ಕೊನೆಗೆ,
"ಏಳನೇ ಪುಟ ಓದಿಲ್ಲ."

ಹೌದು ಅಂದವರ ಕಡತ ಕಪಾಟಿನ ತುಂಬ ಇದೆ.
ಹೀಗೆ ಇಲ್ಲ ಅಂದವರಿಗೆ ಪುಸ್ತಕವಿಲ್ಲ;
ಕ್ಯಾಲೆಂಡರಿನ ಅಂಚಿನಲ್ಲಿ ಹೆಸರು ಬರೆದುಕೊಂಡೆ.

ಮೊನ್ನೆ ಬಂದಳು, ಹಿಮ ಕರಗಿದ ಮೇಲೆ.
ನದಿಯಾಚೆ ಬೇರೆ ಮನೆ, ಮನೆಯೊಡತಿಯ ಸಹಿ,
ವಿಮೆಯ ರಸೀದಿ (ಆರನೆಯ ಕಂಪನಿಯಂತೆ),
ಎರಡು ಕೊಂಡಿಯ ಎದೆಪಟ್ಟಿ.
ಎಡಗೈಲಿ ಹಿಡಿಯಲು ಕಲಿತಿದ್ದಾಳೆ,
ಮರಳಿನ ಮೂಟೆಗೆ ಹಗ್ಗ ಕಟ್ಟಿ
ಬೀದಿಯಲ್ಲಿ ಎಳೆದಾಡಿ, ನೆರೆಯವರು ನಕ್ಕರೂ.

ನಾನು ಮತ್ತೆ ಬಾಯಿ ತೆರೆದೆ, ಇನ್ನೊಂದೇ ಪ್ರಶ್ನೆಗೆ.
"ನನ್ನನ್ನು ಕೇಳಿದ್ದು ಸಾಕು ಮಾರಾಯ್ತಿ,
ಈಗ ನನ್ನ ವಿಷಯ ಅವಳನ್ನು ಕೇಳು."

ಕೀಲಿಗೊಂಚಲಿನಲ್ಲಿ ಹದಿನಾಲ್ಕು ಹುಡುಕುತ್ತ ನಿಂತೆ.
ಪೈಪಿನ ನೀರು ನಿಲ್ಲಿಸಲು ಮರೆತಿದ್ದೆ,
ಮೂವರ ಕಾಲೂ ಒದ್ದೆಯಾಯಿತು.